ಹೂಕೋಸು, ಬಟಾಟೆ ಮತ್ತು ಮೂಡಬಿದ್ರೆಯ ಅತ್ತೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಕಡೆ ಅದು ಆಲೂಗಡ್ಡೆ ಅಲ್ಲ, ಬಟಾಟೆ. ಬೆಂಗಳೂರಿಗೆ ಬಂದ ಹೊಸದರಲ್ಲಿ "ಒಂದು ಕಿಲೋ ಬಟಾಟೆ ಕೊಡಿ" ಅಂದರೆ ಅಂಗಡಿಯವನು ಮುಖ ನೋಡಿ "ಮಂಗಳೂರಾ ಸಾರ್?" ಅಂತ ಕೇಳುತ್ತಿದ್ದ. ಪೋರ್ಚುಗೀಸರ ಬಾಯಿಂದ ಬಂದ ಬಟಾಟಾ ಕರಾವಳಿಯಲ್ಲಿ ಹಾಗೇ ಉಳಿದುಕೊಂಡಿತು. ಕೊಂಕಣಿಯಲ್ಲಿ, ತುಳುವಿನಲ್ಲಿ, ನಮ್ಮ ಕನ್ನಡದಲ್ಲಿ ಎಲ್ಲ ಕಡೆ. ಘಟ್ಟ ಹತ್ತಿದರೆ ಮಾತ್ರ ಆಲೂಗಡ್ಡೆ.

ಹೂಕೋಸಿನ ಕಥೆಯೂ ಹೆಚ್ಚು ಕಡಿಮೆ ಹಾಗೆಯೇ. 1822ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಸಹಾರನ್‌ಪುರದ ತೋಟಕ್ಕೆ ಲಂಡನ್ನಿನ ಕ್ಯೂ ತೋಟದಿಂದ ಬಂದದ್ದು. ತಂಪು ಇಲ್ಲದಿದ್ದರೆ ಹೂ ಕಟ್ಟುವುದಕ್ಕೆ ಅದಕ್ಕೆ ಮನಸ್ಸಿಲ್ಲ. ಬಂಟ್ವಾಳದ ಸೆಖೆಯಲ್ಲಿ ಅದು ಎಲ್ಲಿಂದ ಬೆಳೆಯಬೇಕು? ಚಿಕ್ಕಮಗಳೂರು, ಹಾಸನದ ಕಡೆಯಿಂದ ಲಾರಿ ಹತ್ತಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇಳಿದು ಬಿ.ಸಿ.ರೋಡಿನ ಅಂಗಡಿಗೆ ಬರಬೇಕು. ಮುಂಡಾಜೆಯ ನನ್ನ ಅಜ್ಜಿಗೆ ಇವೆಲ್ಲ ಒಟ್ಟಿಗೆ "ಘಟ್ಟದ ತರಕಾರಿ". 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಗುಡ್ಡ ಜರಿದು ರಸ್ತೆ ಬಂದ್ ಆದಾಗ ನಾವೆಲ್ಲ ಫೋನಿನಲ್ಲಿ ಗಾಬರಿಯಾಗಿದ್ದರೆ ಅಜ್ಜಿಗೆ ತರಕಾರಿಯ ಚಿಂತೆಯೇ ಇರಲಿಲ್ಲ. ಅವರ ಹಿತ್ತಿಲಿನಲ್ಲಿ ತೊಂಡೆ, ಬಾಳೆ, ಹೀರೆ, ಜೀಗುಜ್ಜೆ. ಘಟ್ಟ ಇದ್ದರೂ ಒಂದೇ, ಬಿದ್ದರೂ ಒಂದೇ.

ನನಗೋ, ಈ ಎರಡು ಹೊರಗಿನ ತರಕಾರಿಗಳ ಮೇಲೆಯೇ ಪ್ರೀತಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಸಿಕ್ಕ ಬೋನಸ್ಸಿನಲ್ಲಿ ಎಲ್ಲರೂ ಮೊಬೈಲು ತೆಗೆದುಕೊಂಡರೆ ನಾನು ಒಂದು ಸಣ್ಣ ಓವನ್ ತಂದೆ. ರೂಮಿನಲ್ಲಿ ನಾಲ್ಕು ಜನ, ಭಾನುವಾರ ಮಧ್ಯಾಹ್ನ ನಾಲ್ಕೂ ಹೊಟ್ಟೆಗೆ ಸಾಕಾಗುವಂಥದ್ದು ಬೇಕು. ಅನ್ನ ಸಾರು ಮಾಡಿದರೆ ಸಂಜೆ ಮತ್ತೆ ಹಸಿವು. ಮಸಾಲೆ ತುಂಬಿಸಿ ಬೇಯಿಸಿದ ಬಟಾಟೆ ಎರಡು ತಿಂದರೆ ರಾತ್ರಿಯವರೆಗೆ ಯಾರೂ ಮಾತಾಡುವುದಿಲ್ಲ :-)

ಹೇಗೆ ಮಾಡುವುದು ಅಂತ ಕೆಲವರು ಕೇಳಿದ್ದೀರಿ, ಇಲ್ಲೇ ಹೇಳುತ್ತೇನೆ.

ಮಸಾಲೆ ಎಣ್ಣೆಗಾಯಿಯದ್ದೇ, ಹೊಸತೇನೂ ಇಲ್ಲ. ಐದಾರು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಒಂದು ಚಮಚ ಉದ್ದಿನಬೇಳೆ, ನಾಲ್ಕು ಕಾಳು ಮೆಂತೆ, ಇಂಗು. ಇಷ್ಟನ್ನು ತೆಂಗಿನೆಣ್ಣೆಯಲ್ಲಿ ಹುರಿಯಿರಿ. ಎರಡು ಹಿಡಿ ಕಾಯಿತುರಿಯನ್ನು ಬೇರೆಯಾಗಿ ಕೆಂಪಗೆ ಹುರಿಯಿರಿ. ಸ್ವಲ್ಪ ಹುಳಿ, ಅಷ್ಟೇ ಬೆಲ್ಲ, ಉಪ್ಪು ಸೇರಿಸಿ ನೀರು ಹಾಕದೆ ತರಿತರಿಯಾಗಿ ಪುಡಿ ಮಾಡಿ. ಗೇರುಬೀಜ ಇದ್ದರೆ ಒಂದು ಹಿಡಿ ಜಜ್ಜಿ ಹಾಕಿ.

ದೊಡ್ಡ ಬಟಾಟೆಗಳನ್ನು ಸಿಪ್ಪೆ ಸಹಿತ ಮುಕ್ಕಾಲು ಬೇಯಿಸಿ, ತಣಿದ ಮೇಲೆ ಉದ್ದಕ್ಕೆ ಸೀಳಿ, ಚಮಚದಲ್ಲಿ ನಡುವಿನದ್ದನ್ನು ಕೆರೆದು ತೆಗೆಯಿರಿ. ಗೋಡೆ ತೀರಾ ತೆಳ್ಳಗೆ ಮಾಡಬೇಡಿ, ಕುಸಿಯುತ್ತದೆ. ಕೆರೆದದ್ದಕ್ಕೆ ಮಸಾಲೆ ಕಲಸಿ ಮತ್ತೆ ಅದರೊಳಗೇ ತುಂಬಿಸಿ, ಮೇಲೆ ಎಣ್ಣೆ ಸವರಿ 200 ಡಿಗ್ರಿಯಲ್ಲಿ ಇಪ್ಪತ್ತೈದು ನಿಮಿಷ.

ಹೂಕೋಸು ಸ್ವಲ್ಪ ಗೌಜಿ. ಇಡೀ ಹೂವನ್ನು ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಡಬೇಕು, ಹುಳ ಇದ್ದರೆ ಹೊರಗೆ ಬರಲಿ ಅಂತ. ಆಮೇಲೆ ಏಳೆಂಟು ನಿಮಿಷ ಹಬೆಯಲ್ಲಿಟ್ಟು, ಬೋರಲು ಹಾಕಿ ನೀರು ಪೂರ್ತಿ ಬಸಿಯಬೇಕು. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ನೀರು ಇರುವಷ್ಟು ಹೊತ್ತು ತರಕಾರಿಯ ಮೈ 100 ಡಿಗ್ರಿ ದಾಟುವುದಿಲ್ಲ. ಕೆಂಪಾಗಿ ಘಮ್ಮೆನ್ನುವುದು ಶುರುವಾಗುವುದೇ 140ರ ಆಸುಪಾಸಿನಲ್ಲಿ. ಒದ್ದೆ ಹೂಕೋಸನ್ನು ಓವನ್ನಿಗಿಟ್ಟರೆ ಸಿಗುವುದು ಬೇಯಿಸಿದ ಹೂಕೋಸು ಅಷ್ಟೆ. ಅಡಿಯಿಂದ, ಎಸಳುಗಳ ಸಂದಿಯಲ್ಲಿ ಮಸಾಲೆ ತುರುಕಿ, ಮೇಲಿಗೆ ಗಟ್ಟಿ ಮೊಸರು ಕಡಲೆಹಿಟ್ಟಿನ ಲೇಪ ಕೊಟ್ಟು ಅದೇ 200ರಲ್ಲಿ ಅರ್ಧ ಗಂಟೆ.

ಇಲ್ಲಿಗೆ ಅಡುಗೆ ಮುಗಿಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ನಾನು ಇಂಜಿನಿಯರಿಂಗ್ ಓದಿದ್ದು ಮೂಡಬಿದ್ರೆ ಹತ್ತಿರ. ನನ್ನವಳು ಅಲ್ಲಿಯೇ ಸಿಕ್ಕಿದ್ದು. ಅವಳ ಮನೆ ಪೇಟೆಯಲ್ಲಿ, 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿಯಿಂದ ನಡೆದು ಹೋಗುವಷ್ಟು ಹತ್ತಿರ. ಹದಿನೆಂಟು ಬಸದಿಗಳ ಊರು ಅದು, ಜೈನ ಕಾಶಿ. ಅವಳ ಅಮ್ಮನ ಅಡುಗೆಮನೆಗೆ ಬಟಾಟೆ ಬರುವುದಿಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್, ಮೂಲಂಗಿ ಯಾವುದೂ ಬರುವುದಿಲ್ಲ. ನೆಲದಡಿಯ ಗಡ್ಡೆ ಅನಂತಕಾಯ, ಅಂದರೆ ಒಂದೇ ದೇಹದಲ್ಲಿ ಲೆಕ್ಕವಿಲ್ಲದಷ್ಟು ಜೀವ. ಕಿತ್ತರೆ ಗಿಡವೂ ಹೋಗುತ್ತದೆ, ಮಣ್ಣಿನ ಹುಳುಹುಪ್ಪಟೆಯೂ ಹೋಗುತ್ತದೆ. ಹೂಕೋಸು ನೆಲದ ಮೇಲಿನದ್ದೇ ಆದರೂ ಅದರ ಸಂದಿಗಳಲ್ಲಿ ಹುಳ ಇರುತ್ತದಲ್ಲ, ಅದಕ್ಕೆ ಅದೂ ಬೇಡ. ಮೇಲೆ ನಾನು ಬರೆದೆನಲ್ಲ, ಬಿಸಿನೀರಿನಲ್ಲಿ ಮುಳುಗಿಸಿ ಹುಳ ಹೊರಗೆ ಬರಲಿ ಅಂತ? ಅವರಿಗೆ ಅದು ಸ್ವಚ್ಛ ಮಾಡುವುದಲ್ಲ, ಕೊಲ್ಲುವುದು. ಕಾಲೇಜಿನಲ್ಲಿ ಅವಳು ಇದನ್ನು ಹೇಳಿದ ದಿನ ನಾನು ಕ್ಯಾಂಟೀನಿನಲ್ಲಿ ಗೋಬಿ ಮಂಚೂರಿ ತಿನ್ನುತ್ತಾ ಇದ್ದೆ. ಉತ್ತರ ಹೊಳೆಯಲಿಲ್ಲ, ಇವತ್ತಿಗೂ ಹೊಳೆದಿಲ್ಲ.

ಮದುವೆ ಮಾತು ಬಂದಾಗ ಎರಡೂ ಮನೆಯಲ್ಲಿ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಗಲಾಟೆ ಆಗಿದ್ದರೇ ಸುಲಭವಿತ್ತೋ ಏನೋ. ನನ್ನ ಅಜ್ಜಿ "ನೋಡುವ" ಅಂದರು. ಅವರ ಆ ನೋಡುವ ಎಷ್ಟು ವರ್ಷದ್ದೂ ಆಗಬಹುದು. ಅವಳ ಅಮ್ಮ ಹೇಳಿದ್ದು ಒಂದೇ ಮಾತು: "ಹುಡುಗ ಒಳ್ಳೆಯವನೇ ಇರಬಹುದು. ಆದರೆ ಮಗಳ ಮನೆಗೆ ಹೋದರೆ ಒಂದು ತುತ್ತು ಉಣ್ಣಲಿಕ್ಕೆ ಆಗದಂಥ ಸಂಬಂಧ ಎಂತ ಸಂಬಂಧ?"

ಈ ಮಾತು ನನ್ನನ್ನು ತುಂಬ ದಿನ ಕಾಡಿತು. ಜಾತಿ, ಜಾತಕ ಅಂದಿದ್ದರೆ ವಾದ ಮಾಡಬಹುದಿತ್ತು. ಊಟಕ್ಕೆ ವಾದ ಏನು ಮಾಡುವುದು?

ಅಂತೂ ಒಂದು ಮೇ ತಿಂಗಳ ಕೊನೆಯ ಭಾನುವಾರ ಅವರು ಬಂಟ್ವಾಳದ ನಮ್ಮ ಮನೆಗೆ ಬರುವುದು ಅಂತ ಆಯಿತು. ಅವಳ ಅಪ್ಪ, ಅಮ್ಮ, ಸೋದರಮಾವ. ಅಜ್ಜಿಯೂ ಮುಂಡಾಜೆಯಿಂದ ಬಂದಿದ್ದರು. ಅವರು ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು. ಆ ಹೊತ್ತಿಗೆ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂ ಐವತ್ತರ ಸುಮಾರಿಗೆ. ಉಣ್ಣುತ್ತಾರೋ ಇಲ್ಲವೋ ಹೇಳಿರಲಿಲ್ಲ. ಅಪ್ಪ ಮಾತ್ರ "ಬಡಿಸುವುದು ನಮ್ಮ ಕೆಲಸ, ಉಣ್ಣುವುದು ಬಿಡುವುದು ಅವರಿಗೆ ಬಿಟ್ಟದ್ದು. ಆರು ಗಂಟೆಗೆ ಎಲೆ ಹಾಕಿರಬೇಕು" ಅಂದರು.

ಅಡುಗೆ ಅಮ್ಮನದ್ದು, ಒಂದು ಪದಾರ್ಥ ನನ್ನದು ಅಂತ ಹಟ ಹಿಡಿದೆ. ಬೇಡದ ತರಕಾರಿಗಳ ಪಟ್ಟಿ ಹಿಡಿದು ನಾನು ಅಡುಗೆಮನೆಯಲ್ಲಿ ಓದುತ್ತಿದ್ದರೆ ಮಣೆಯ ಮೇಲೆ ಕೂತು ಬಾಳೆದಿಂಡು ಕೊರೆಯುತ್ತಿದ್ದ ಅಜ್ಜಿ ತಲೆಯೆತ್ತಿ ಕೇಳಿದರು: "ಇದು ನಮ್ಮ ತಿಥಿ ಅಡಿಗೆಯ ಲೆಕ್ಕವೇ ಅಲ್ಲದೊ ಮಾಣಿ?"

ಹೌದಲ್ಲ! ನಮ್ಮಲ್ಲಿಯೂ ತಿಥಿಯ ದಿನ ಬಟಾಟೆ ಇಲ್ಲ, ಹೂಕೋಸು ಇಲ್ಲ, ಕ್ಯಾರೆಟ್ ಇಲ್ಲ, ನೀರುಳ್ಳಿ ಬೆಳ್ಳುಳ್ಳಿ ಕೇಳುವುದೇ ಬೇಡ. ಕಾರಣ ಬೇರೆ, ಪಟ್ಟಿ ಮುಕ್ಕಾಲು ಪಾಲು ಒಂದೇ. ವರ್ಷಕ್ಕೆ ಕೆಲವು ದಿನ ಅಜ್ಜಿ ಮಾಡುವುದನ್ನು ಅವರು ವರ್ಷವಿಡೀ ಮಾಡುತ್ತಾರೆ. ಎರಡು ತಿಂಗಳಿಂದ ಬಿಗಿದುಕೊಂಡಿದ್ದ ಅಜ್ಜಿಯ ಮುಖ ಆವತ್ತು ಸ್ವಲ್ಪ ಸಡಿಲವಾದದ್ದು ನಾನು ನೋಡಿದೆ. "ಬಟಾಟೆ ಇಲ್ಲದ್ರೆ ಎಂತಾತು, ಜೀಗುಜ್ಜೆ ಇದ್ದನ್ನೆ" ಅಂದರು. ಮುಂಡಾಜೆಯಿಂದ ಬರುವಾಗ ಚೀಲದಲ್ಲಿ ಮೂರು ತಂದಿದ್ದರು.

ಜೀಗುಜ್ಜೆ ಗೊತ್ತಿಲ್ಲದ ಘಟ್ಟದ ಮೇಲಿನವರಿಗೆ: ಹಲಸಿನ ಜಾತಿಯದ್ದು, ಚೆಂಡಿನ ಗಾತ್ರ, ಬೀಜ ಇಲ್ಲ, ಬೇಯಿಸಿದರೆ ಬಟಾಟೆಯ ಹಾಗೆಯೇ ಮೆತ್ತಗೆ. ದೀವಿಹಲಸು ಅಂತಲೂ ಹೇಳುತ್ತಾರೆ, ದೀವಿ ಅಂದರೆ ದ್ವೀಪ. ಹೆಸರೇ ಹೇಳುವ ಹಾಗೆ ಇದೂ ಸಮುದ್ರದ ಆಚೆಯದ್ದು, ಪೆಸಿಫಿಕ್ ದ್ವೀಪಗಳ ಕಡೆಯದ್ದು. 1789ರಲ್ಲಿ ಬೌಂಟಿ ಹಡಗಿನಲ್ಲಿ ದಂಗೆ ಆಯಿತಲ್ಲ, ಆ ಹಡಗು ಟಹೀಟಿಯಿಂದ ಹೊತ್ತಿದ್ದದ್ದು ಇದೇ ಗಿಡಗಳನ್ನು. ಕೆರಿಬಿಯನ್ ತೋಟಗಳ ಗುಲಾಮರಿಗೆ ಅಗ್ಗದ ಊಟ ಆಗಲಿ ಅಂತ. ಕ್ಯಾಪ್ಟನ್ ಬ್ಲೈ ಬಿಡದೆ 1793ರಲ್ಲಿ ಇನ್ನೊಂದು ಹಡಗಿನಲ್ಲಿ ಮುಟ್ಟಿಸಿದ. ಜಮೈಕಾದಲ್ಲಿ ಇವತ್ತಿಗೂ ಇಡೀ ಕಾಯಿಯನ್ನು ಬೆಂಕಿಯಲ್ಲಿ ಸುಟ್ಟು ತಿನ್ನುತ್ತಾರೆ. ಅಜ್ಜಿಗೆ ಇದನ್ನೆಲ್ಲ ಹೇಳಿದರೆ "ಅಪ್ಪೊ?" ಅಂದು ಮತ್ತೆ ಬಾಳೆದಿಂಡಿಗೆ ಹೋದರು. ಹಿತ್ತಿಲಲ್ಲಿ ಬೆಳೆದದ್ದು ಅವರಿಗೆ ಊರಿನದ್ದು, ಲಾರಿಯಲ್ಲಿ ಬಂದದ್ದು ಘಟ್ಟದ್ದು.

ಕೈಗೆ ಎಣ್ಣೆ ಹಚ್ಚಿ (ಇಲ್ಲದಿದ್ದರೆ ಮೇಣ ಹೋಗುವುದಿಲ್ಲ) ಸಿಪ್ಪೆ ಕೆತ್ತಿ, ಎರಡು ಹೋಳು ಮಾಡಿ, ನಡುವಿನ ಗಟ್ಟಿ ಭಾಗ ತೆಗೆದು ಅರಿಶಿನದ ನೀರಿನಲ್ಲಿ ಅರ್ಧ ಬೇಯಿಸಿದೆ. ಅದೇ ಮಸಾಲೆ ತುಂಬಿಸಿದೆ. ಹಸಿ ಶುಂಠಿಯ ಬದಲು ಒಣ ಶುಂಠಿ ಪುಡಿ ಒಂದು ಚಿಟಿಕೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದ ಓವನ್ ಬಿಸಿಗಿಟ್ಟೆ. ನಾಲ್ಕೂವರೆಗೆ ಅವರು ಬಂದರು. ಐದಕ್ಕೆ ಗುಡುಗು ಶುರುವಾಯಿತು, ಕರೆಂಟು ಹೋಯಿತು.

ಮಳೆಗಾಲದ ಮುಂಚಿನ ಗುಡುಗಿಗೆ ಹೋದ ಕರೆಂಟು ಯಾವಾಗ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ನಾನು ಟ್ರೇ ಹಿಡಿದುಕೊಂಡು ನಿಂತಿದ್ದೆ. ಅಜ್ಜಿ ಎದ್ದು ಬಚ್ಚಲಿನ ಒಲೆಯ ಕಡೆ ಕೈ ತೋರಿಸಿದರು. ಹಂಡೆ ನೀರಿಗೆ ಹಾಕಿದ ಗೆರಟೆಯ ಕೆಂಡ ನಿಗಿನಿಗಿ ಇತ್ತು. ಕಂಚಿನ ಉರುಳಿಗೆ ಬಾಳೆ ಎಲೆ ಹಾಸಿ, ಜೀಗುಜ್ಜೆ ಜೋಡಿಸಿ, ಮೇಲೆ ಎಲೆ ಮುಚ್ಚಿ, ಹಿತ್ತಾಳೆ ತಟ್ಟೆ ಕವಚಿ, ತಟ್ಟೆಯ ಮೇಲೆಯೂ ಕೆಂಡ. ಅಡಿಯಲ್ಲಿ ಕಡಿಮೆ, ಮೇಲೆ ಹೆಚ್ಚು. ಓವನ್ ಎಂಬ ಶಬ್ದ ಕೇಳುವ ಎಷ್ಟೋ ಮೊದಲು ನಮ್ಮ ಊರಿನ ಮನೆಗಳಲ್ಲಿ ಇದ್ದ ಓವನ್ ಅದೇ. ಪಕ್ಕದ ಕ್ರಿಶ್ಚಿಯನ್ ಮನೆಯವರು ಹಿಂದೆ ಕ್ರಿಸ್‌ಮಸ್ಸಿಗೆ ಬಾತ್ ಕೇಕ್ ಬೇಯಿಸುತ್ತಿದ್ದದ್ದೂ ಹೀಗೆಯೇ, ಮೇಲೆ ಕೆಳಗೆ ಕೆಂಡ ಇಟ್ಟು.

ಹೊಗೆಯ ವಾಸನೆಗೋ ಏನೋ ಅವಳ ಅಮ್ಮ ಎದ್ದು ಬಚ್ಚಲಿನ ಬಾಗಿಲಿಗೆ ಬಂದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಹಸಿ ಶುಂಠಿ ಹಾಕಿದ್ದೀರಾ?"

"ಇಲ್ಲಮ್ಮ, ಒಣ ಶುಂಠಿ."

"ನೀರು?"

ಉತ್ತರ ಅಜ್ಜಿ ಕೊಟ್ಟರು. ಬಾವಿಯಿಂದ ಈಗಷ್ಟೇ ಸೇದಿದ್ದು, ಹೊಸ ಬಿಳಿ ಬಟ್ಟೆಯಲ್ಲಿ ಎರಡು ಪದರ ಮಾಡಿ ಸೋಸಿದ್ದು. ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಅಲುಬಿದ್ದರಂತೆ, ಅದರಲ್ಲಿದ್ದ ಜೀವ ವಾಪಸ್ಸು ನೀರಿಗೇ ಹೋಗಲಿ ಅಂತ. ಇದು ಅಜ್ಜಿಗೆ ಹೇಗೆ ಗೊತ್ತು ಅಂತ ನಾನು ಬಾಯಿ ಬಿಟ್ಟು ನೋಡಿದೆ. ಆಮೇಲೆ ಗೊತ್ತಾಯಿತು. ಅಜ್ಜಿ ಸಣ್ಣವರಿರುವಾಗ ವೇಣೂರಿನಲ್ಲಿ ಅವರ ನೆರೆಮನೆ ಜೈನರದ್ದಂತೆ. ಎರಡು ತಿಂಗಳಲ್ಲಿ ಒಮ್ಮೆಯೂ ಹೇಳಿರಲಿಲ್ಲ!

ಮುದುಕಿಯರು ಅಲ್ಲೇ ಕೂತು ವೇಣೂರು, ಅಲ್ಲಿನ ಗೊಮ್ಮಟ, ಯಾರ ಮನೆಯ ಯಾರು ಅಂತ ಮಾತಿಗೆ ಶುರು ಮಾಡಿದರು. (ಅತ್ತೆ ಮುದುಕಿ ಅಲ್ಲ, ಓದಿದರೆ ನನ್ನ ಕಥೆ ಮುಗಿಯಿತು.) ನಾನು ಕೆಂಡ ಕೆದಕುತ್ತಾ ಇದ್ದೆ.

ಆರೂಕಾಲಿಗೆ ಎಲೆ ಹಾಕಿತು. ಅವಳ ಅಪ್ಪ ಕೂತರು. ಅಮ್ಮ ಕೂತರು. ಸೋದರಮಾವ ಕೂರಲಿಲ್ಲ, ಜಗಲಿಯಲ್ಲಿ ಬಾಳೆಹಣ್ಣು ಹಾಲು ತೆಗೆದುಕೊಂಡರು. ಈಗಲೂ ಅವರು ನಮ್ಮಲ್ಲಿ ಉಣ್ಣುವುದಿಲ್ಲ, ಮದುವೆಗೆ ಬಂದರು, ಪ್ರೀತಿಯಿಂದಲೇ ಮಾತಾಡುತ್ತಾರೆ. ಎಲ್ಲವೂ ಒಂದು ಜೀಗುಜ್ಜೆಯಿಂದ ಸರಿ ಹೋಗುತ್ತದೆ ಅಂತ ನಾನೂ ಹೇಳುವುದಿಲ್ಲ. ಆದರೆ ಆ ಅಮ್ಮ ಜೀಗುಜ್ಜೆ ಎರಡನೇ ಸಲ ಹಾಕಿಸಿಕೊಂಡರು. "ಮೇಲಿನದ್ದು ಕರಿ ಆದದ್ದು ಹಾಕಿ, ಅದೇ ರುಚಿ" ಅಂದರು.

ಮದುವೆಯಾಗಿ ಈಗ ಎರಡು ವರ್ಷ. ನನ್ನವಳು ಬೆಂಗಳೂರಿನಲ್ಲಿ ಬಟಾಟೆ ತಿನ್ನುತ್ತಾಳೆ, ಮೂಡಬಿದ್ರೆಯಲ್ಲಿ ತಿನ್ನುವುದಿಲ್ಲ, ಹೂಕೋಸು ಎಲ್ಲಿಯೂ ತಿನ್ನುವುದಿಲ್ಲ. ಅವಳ ಲೆಕ್ಕ ಅವಳಿಗೆ. ಅದು ಅತ್ತೆಗೂ ಗೊತ್ತುಂಟು, ಕೇಳುವುದಿಲ್ಲ. ಅತ್ತೆ ಬರುತ್ತಾರೆ ಅಂದರೆ ಓವನ್ನಿನ ಟ್ರೇ, ಪಾತ್ರೆ ಎಲ್ಲ ತಿಕ್ಕಿ ಬಿಸಿನೀರಿನಲ್ಲಿ ಅದ್ದಿಡುತ್ತೇವೆ, ಬಟಾಟೆ ಬುಟ್ಟಿ ಬಾಲ್ಕನಿಗೆ ಹೋಗುತ್ತದೆ. ಅಷ್ಟೇ, ಐದು ನಿಮಿಷದ ಕೆಲಸ. ಒಟ್ಟಿಗೆ ಕೂತು ಉಣ್ಣುವುದಕ್ಕೆ ನಾನು ಒಂದು ತರಕಾರಿ ಬದಲಿಸಿದರೆ ಸಾಕು ಅಂತಾದರೆ ಅದು ತುಂಬ ಸಸ್ತಾ ಅಂತ ನನ್ನ ಅಭಿಪ್ರಾಯ. ಅವರು ಬದಲಿಸಬೇಕಾಗಿದ್ದದ್ದು ಅದಕ್ಕಿಂತ ಎಷ್ಟೋ ದೊಡ್ಡದಿತ್ತು.

ಬೆಂಗಳೂರಿನಲ್ಲಿ ಮಂಗಳೂರು ಸ್ಟೋರುಗಳಲ್ಲಿ ಕೆಲವೊಮ್ಮೆ ಜೀಗುಜ್ಜೆ ಸಿಗುತ್ತದೆ, ಸಿಕ್ಕಿದರೆ ಬಿಡಬೇಡಿ. ಸಿಗದಿದ್ದರೆ ದಪ್ಪ ನೇಂದ್ರ ಬಾಳೆಕಾಯಿಗೂ ಇದೇ ಮಸಾಲೆ ಆಗುತ್ತದೆ. ಉದ್ದಕ್ಕೆ ಸೀಳಿ ತುಂಬಿಸಿ, 200 ಡಿಗ್ರಿ, ಇಪ್ಪತ್ತು ನಿಮಿಷ. ಕೆಂಡ ಇದ್ದವರು ಪುಣ್ಯವಂತರು.

ನಿಮ್ಮ ನಿಮ್ಮ ಮನೆಯಲ್ಲಿ ಯಾರಿಗೆ ಏನು ಬೇಡ, ಅದಕ್ಕೆ ನೀವು ಬದಲಿ ಎಂತ ಮಾಡುತ್ತೀರಿ? ಬರೆಯಿರಿ, ಅತ್ತೆ ಬರುವ ತಿಂಗಳು ಮತ್ತೆ ಬರುವವರಿದ್ದಾರೆ :-)