ಹೆಸರು ಹಿಡಿದು ಪ್ರಾರ್ಥಿಸಿದ ಊರು

ಪುಣೆಯಿಂದ ದೌಂಡ್ ಕಡೆಗೆ ಹೊರಟ ಬೆಳಗಿನ ಲೋಕಲ್ ರೈಲು ಹಡಪ್ಸರ್, ಲೋಣಿ, ಉರುಳಿ ದಾಟುತ್ತಿದ್ದಂತೆ ಕಟ್ಟಡಗಳು ಮುಗಿದು ಕಬ್ಬಿನ ಗದ್ದೆಗಳು ಶುರುವಾದವು. ನನ್ನ ಕೈಚೀಲದಲ್ಲಿ ಅಜ್ಜಿಯ ನೋಟುಪುಸ್ತಕವಿತ್ತು. ಕಾರ್ಕಳದ ಮನೆಯಲ್ಲಿ ಮಲಗುವ ಮೊದಲು ಅಜ್ಜಿ ಅದನ್ನು ತೆರೆದು ಸಭಾಪಾಲಕರು, ಬೈಬಲ್ ಸ್ತ್ರೀಯರು, ಮಿಷನ್ ಆಸ್ಪತ್ರೆಯ ದಾದಿಯರು ಎಲ್ಲರ ಹೆಸರನ್ನೂ ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದರು. ಅದರ ಒಂದು ಪುಟದಲ್ಲಿ ಮಾತ್ರ ಹೆಸರಿಲ್ಲ, ಊರಿದೆ: ‘ಕೇಡಗಾಂವ್, ಮುಕ್ತಿಯವರು’. ಅಜ್ಜಿ ನೋಡದ ಆ ಊರನ್ನು ನೋಡಲು ಹೊರಟಿದ್ದೆ.

ಕೇಡಗಾಂವ್ ಸಣ್ಣ ನಿಲ್ದಾಣ. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಇಲ್ಲೇ. ರಮಾಬಾಯಿ ನಮ್ಮ ಕಡೆಯವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧದ ನಡುವೆ ಅವರು ಗಂಗಾಮೂಲದ ಕಾಡಿನಲ್ಲಿ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಆ ಕಾಡಿನಲ್ಲಿ. ಬರಗಾಲ ತಂದೆತಾಯಿಯನ್ನು ಕೊಂಡೊಯ್ದಿತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡನೂ ತೀರಿಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಹಸಿವು ಏನೆಂದು ಬಲ್ಲ ಆ ಜೀವ 1896–97ರ ಬರದಲ್ಲಿ ಸುಮ್ಮನಿರಲಿಲ್ಲ. ಬರಪೀಡಿತ ಹೆಣ್ಣುಮಕ್ಕಳನ್ನು ಹುಡುಕಿ ಕರೆತಂದು ಕೇಡಗಾಂವದಲ್ಲಿ ಆಸರೆ ಕೊಟ್ಟಿತು.

ಆವರಣದಲ್ಲಿ ನನ್ನನ್ನು ಸುತ್ತಾಡಿಸಿದವರು ವಯಸ್ಸಾದ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ). ನನ್ನ ಹರಕು ಮರಾಠಿಗೆ ಹೊಂದಿಕೊಂಡು ನಿಧಾನವಾಗಿ ಮಾತಾಡಿದರು. ದೊಡ್ಡ ಚರ್ಚಿನ ಮುಂದೆ ನಿಂತಾಗ ಮಾತು 1905ಕ್ಕೆ ಹೋಯಿತು. ಆ ಜನವರಿಯಲ್ಲಿ ರಮಾಬಾಯಿ ಪ್ರಾರ್ಥನೆಗೆ ಕರೆದಾಗ ಮೊದಲ ದಿನ ಬಂದವರು 70 ಮಂದಿ. ಜೂನ್ ಹೊತ್ತಿಗೆ 550 ಹೆಂಗಸರು, ಹುಡುಗಿಯರು ದಿನಕ್ಕೆ ಎರಡು ಸಲ ಸೇರುತ್ತಿದ್ದರು. ದೇಶದಲ್ಲಿ ಸುವಾರ್ತಾ ಸೇವೆಯಲ್ಲಿದ್ದವರ ಹೆಸರುಗಳನ್ನು ಹಂಚಿಕೊಂಡು ಪ್ರಾರ್ಥಿಸಿದರು. ಇಲ್ಲಿಂದ ಹೊರಡುತ್ತಿದ್ದ ಪತ್ರಿಕೆಯ ಹೆಸರೇ ‘ಮುಕ್ತಿ ಪ್ರೇಯರ್ ಬೆಲ್’. ಒಂದು ಕಾಲಕ್ಕೆ ಒಂದು ತುತ್ತಿಗೆ ಕೈಚಾಚಿದ್ದ ಮಕ್ಕಳು, ತಮಗೆ ಅನ್ನ ಕೊಟ್ಟವರನ್ನೂ ಮುಖ ಕಾಣದ ಸೇವಕರನ್ನೂ ಪ್ರಾರ್ಥನೆಯಲ್ಲಿ ಹೊತ್ತರು.

ಹಾಗೆ ಹೊರುವವರು ರಮಾಬಾಯಿಗೂ ಬೇಕಿದ್ದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತರಲು ವರ್ಷಗಟ್ಟಲೆ ದುಡಿದರು. ಅಚ್ಚುಮೊಳೆ ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಂಗಸರೇ. 1921ರ ಜುಲೈಯಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು. ಗುಲ್ಬರ್ಗದಲ್ಲಿ ಶಾಲೆ ನಡೆಸಿದ್ದವಳು, ತಾಯಿಯ ಕೆಲಸ ಮುಂದುವರಿಸಬೇಕಾದವಳು ಅವಳು. ಆಮೇಲೂ ತಾಯಿ ಕೆಲಸ ಬಿಡಲಿಲ್ಲ. ಅನುವಾದ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಆ ತಿಂಗಳುಗಳಲ್ಲಿ ಅವರ ಸುತ್ತ ಅದೆಷ್ಟು ಬಾಯಿಗಳು ಅವರ ಹೆಸರು ಹಿಡಿದು ಬೇಡಿದ್ದವೋ ಎಂದು ನೆನೆದು ಕಣ್ಣು ತುಂಬಿತು.

ಅಜ್ಜಿಯ ಪುಸ್ತಕವನ್ನು ಮಾವಶಿಗೆ ತೋರಿಸಿದೆ. ಅಕ್ಷರ ತಿಳಿಯದಿದ್ದರೂ ಹಾಳೆಗಳನ್ನು ಸವರಿದರು. “ನಿಮ್ಮ ಸಭೆಯ ಪಾಲಕರ ಹೆಸರೇನು? ನಾಳೆಯಿಂದ ಪ್ರಾರ್ಥಿಸುತ್ತೇನೆ,” ಎಂದರು. ಹೇಳಿದೆ. “ಅವರ ಹೆಂಡತಿಯದು?” ನಾಲಿಗೆ ತಡೆಯಿತು. ನಾಲ್ಕು ವರ್ಷದಿಂದ ನಾವು ‘ಅಮ್ಮ’ ಎಂದು ಕರೆಯುವವರು ಅವರು. ನನ್ನ ತಾಯಿಯ ಕೊನೆಯ ರಾತ್ರಿಗಳಲ್ಲಿ ಹಾಸಿಗೆ ಬಳಿ ಕೂತಿದ್ದವರು. ಅವರ ಹೆಸರು ನನಗೆ ತಿಳಿದಿರಲಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯ ನೆನಪಾಯಿತು. ಫೊಯಿಬೆ, ಮರಿಯ, ಪೆರ್ಸೀಸ ಎಂದು ದುಡಿದವರ ಹೆಸರುಗಳು ಸಾಲುಸಾಲಾಗಿ ಬರುವ ಆ ಪುಟವನ್ನು ನಾನು ಯಾವಾಗಲೂ ಬೇಗ ಓದಿ ಮುಗಿಸುತ್ತಿದ್ದೆ. ನಮ್ಮ ಸಭೆಯಲ್ಲಿ ಸೇವಕರಿಗೆ ಶಾಲು ಹೊದಿಸುವ ದಿನ ವರ್ಷಕ್ಕೊಮ್ಮೆ ಬರುತ್ತದೆ. ಅವರು ದಣಿಯುವುದು ದಿನವೂ.

ಪುಣೆಯ ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಊರಿಗೆ, ಪಾಲಕರ ಮನೆಗೆ ಫೋನ್ ಮಾಡಿದೆ. “ಅಮ್ಮಾ, ನಿಮ್ಮ ಹೆಸರು ಹೇಳುತ್ತೀರಾ?” ಎಂದೆ. ಅವರು ಅರೆಗಳಿಗೆ ಸುಮ್ಮನಿದ್ದು, ಹೇಳಿದರು. ಅಜ್ಜಿಯ ಕೊನೆಯ ಸಾಲಿನ ಕೆಳಗೆ ಅದನ್ನು ಬರೆದೆ. ಅದರ ಕೆಳಗೆ ಮಾವಶಿಯ ಹೆಸರನ್ನೂ.