ಕರೆಂಟ್ ಬೇಡದ ಗಿಟಾರ್

ನನ್ನ ಊರು ಬ್ಲಫ್. ಕಾಲೇಜಿಗೆ ಸೇರಿದ ಮೊದಲ ದಿನ ಈ ಹೆಸರು ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ‘ಬ್ಲಫ್ ಮಾಡ್ಬೇಡ, ನಿಜವಾದ ಊರು ಹೇಳು’ ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಮಳವಳ್ಳಿ ಕಡೆಯ ಗೆಳೆಯರು ‘ಇದೆ ಕಣ್ರೋ’ ಎಂದು ಸಾಕ್ಷಿ ಹೇಳಿದ ಮೇಲೆಯೇ ಉಳಿದವರು ನಂಬಿದ್ದು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೋಸ ಎಂಬ ಅರ್ಥದ ಜೊತೆಗೆ ಕಡಿದಾದ ದಿಬ್ಬ ಎಂಬ ಅರ್ಥವೂ ಇದೆ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಕಡೆ, ದಿಬ್ಬದ ಮೇಲೆ ನಮ್ಮ ಮನೆ, ಕೆಳಗೆ ಕಣಿವೆಯಲ್ಲಿ ಪವರ್ ಹೌಸ್. 1902ರಲ್ಲಿ ಇಲ್ಲಿ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ದೀಪಗಳು ಹತ್ತಿದ್ದೂ ಇದೇ ವಿದ್ಯುತ್ತಿನಿಂದ.

ಇಂಥ ಊರಿನವನು ಎಲೆಕ್ಟ್ರಿಕ್ ಗಿಟಾರ್ ನುಡಿಸಿದರೆ ಆಶ್ಚರ್ಯವೇನಿಲ್ಲ. ಆದರೆ ನಾನು ಮೂರು ವರ್ಷ ನುಡಿಸಿದರೂ ನಮ್ಮ ಮನೆಯಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಆ ಗಿಟಾರ್ ನನ್ನ ದೊಡ್ಡಪ್ಪನ ಮಗನದು. ಭಾಯಿ ಸೌದಿಗೆ ಕೆಲಸಕ್ಕೆ ಹೋಗುವಾಗ ಗಿಟಾರ್, ಒಂದು ಸಣ್ಣ ಆಂಪ್ಲಿಫೈಯರ್, ಒಂದು ಎಫೆಕ್ಟ್ ಪೆಡಲ್ ಮೂರನ್ನೂ ನನಗೆ ಕೊಟ್ಟು ಹೋದರು. ಆದರೆ ಅಬ್ಬಾ ಪವರ್ ಹೌಸಿನಲ್ಲಿ ಶಿಫ್ಟ್ ಕೆಲಸದವರು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಬೇಕು. ಹಗಲು ಪಾಳಿ ಇದ್ದರೆ ರಾತ್ರಿ ಮಲಗಬೇಕು. ಹೀಗಾಗಿ ಆಂಪ್ಲಿಫೈಯರ್‌ಗೆ ಹೆಡ್‌ಫೋನ್ ಚುಚ್ಚಿಕೊಂಡೇ ನಾನು ಕಲಿತದ್ದು.

ಎಲೆಕ್ಟ್ರಿಕ್ ಗಿಟಾರಿನ ಮೈ ಗಟ್ಟಿ ಮರದ ಹಲಗೆ, ಒಳಗೆ ಟೊಳ್ಳಿಲ್ಲ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಕೆಳಗೆ ಪವರ್ ಹೌಸಿನ ಜನರೇಟರಿನಲ್ಲಿ ನಡೆಯುವುದೂ ಇದೇ. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರ್ ದೊಡ್ಡದು ಮಾಡದಿದ್ದರೆ ಹೊರಗೆ ಕೇಳಿಸುವುದು ಬರೀ ಟಿಕ್ ಟಿಕ್.

ನಮ್ಮ ದಾದಿಗೆ ಮೂರು ವರ್ಷ ಕೇಳಿಸಿದ್ದು ಆ ಟಿಕ್ ಟಿಕ್ ಮಾತ್ರ. ಕಳೆದ ರಂಜಾನ್ ಹಬ್ಬದ ಮಾರನೇ ದಿನ ನೆಂಟರ ಮುಂದೆ ಅವರು ಹೇಳಿದರು: ‘ನಮ್ಮ ಹುಡುಗ ಬಾಜಾ ಬಾರಿಸ್ತಾನೆ. ಅವನಿಗೆ ಕೇಳುತ್ತಂತೆ, ನಮಗೆ ಕೇಳಲ್ಲ.’ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ದಾದಿಗೆ ಎಂಬತ್ತು ದಾಟಿದೆ. ಬಲಗಿವಿ ಆಗಲೇ ಮಂದ. ಇನ್ನು ಎಷ್ಟು ದಿನ ಎಡಗಿವಿ ಕೇಳೀತು ಎಂಬ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕೌಸ್ಟಿಕ್ ಗಿಟಾರ್ ಕೊಳ್ಳಬೇಕು ಎಂದು ನಿರ್ಧರಿಸಿದ್ದು ಅವತ್ತೇ.

ವಾದ್ಯಗಳ ಬಗ್ಗೆ ನಮ್ಮ ಹಿರಿಯರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನ ಮಾಡುವಷ್ಟು ದೊಡ್ಡವನು ನಾನಲ್ಲ. ಅಬ್ಬಾನನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಮೂರು ಶರತ್ತು ಹಾಕಿದರು. ನಮಾಜಿನ ಹೊತ್ತಿನಲ್ಲಿ ಮುಟ್ಟಬಾರದು. ಮಾರ್ಕ್ಸ್ ಇಳಿಯಬಾರದು. ದುಡ್ಡು ನಾನೇ ಹೊಂದಿಸಬೇಕು.

ಭಾಯಿಯನ್ನು ಫೋನಿನಲ್ಲಿ ಕೇಳಿ ಆಂಪ್ಲಿಫೈಯರ್ ಮತ್ತು ಪೆಡಲ್ ಮಾರಿದೆ, 2,500 ರೂಪಾಯಿ ಬಂತು. ಮಳೆಗಾಲದಲ್ಲಿ ಗಗನಚುಕ್ಕಿ ನೋಡಲು ಜನ ಬರುವ ಶನಿವಾರ, ಭಾನುವಾರಗಳಲ್ಲಿ ಮಾವನ ಗಾಡಿಯಲ್ಲಿ ಮುಸುಕಿನ ಜೋಳ ಸುಟ್ಟುಕೊಟ್ಟೆ. ಅದರಿಂದ 4,000 ಆಯಿತು. ಒಟ್ಟು 6,500 ಜೇಬಿನಲ್ಲಿಟ್ಟುಕೊಂಡು ಒಂದು ರಜಾದಿನ ಅಬ್ಬಾನ ಜೊತೆ ಮೈಸೂರಿನ ಬಸ್ ಹತ್ತಿದೆ.

ಅಂಗಡಿಯಲ್ಲಿ ನನ್ನ ಕಣ್ಣು ನೇರ ಹೋದದ್ದು ಒಂದು ಕಪ್ಪು ಗಿಟಾರಿನ ಮೇಲೆ. ತೆಳು ಮೈ, ಒಂದು ಪಕ್ಕ ಕತ್ತರಿಸಿದ ಆಕಾರ, ಬದಿಯಲ್ಲಿ ಗುಂಡಿಗಳು, ಒಳಗೇ ಟ್ಯೂನರ್. ಬೇಕೆಂದಾಗ ವೈರ್ ಚುಚ್ಚಬಹುದು. ನೋಡಲು ನನ್ನ ಎಲೆಕ್ಟ್ರಿಕ್ ಗಿಟಾರಿನ ತಮ್ಮನ ಹಾಗಿತ್ತು. ಕೈಗೂ ಹಿತವಾಯಿತು. ಬೆಲೆ 7,200. ನನ್ನ ಮುಖ ನೋಡಿದ ಅಬ್ಬಾ, ಶರತ್ತು ಹಾಕಿದವರೇ, ‘ಉಳಿದದ್ದು ನಾನು ಹಾಕ್ತೀನಿ ಬಿಡು’ ಎಂದರು. ಪಕ್ಕದಲ್ಲಿ 5,800 ರೂಪಾಯಿಯ ಒಂದು ಸಾದಾ ಗಿಟಾರ್ ಇತ್ತು. ಮರದ ಬಣ್ಣ, ಮಧ್ಯಮ ಗಾತ್ರ, ಗುಂಡಿಗಿಂಡಿ ಏನೂ ಇಲ್ಲ. ಅಂಗಡಿಯವರೇ ಹೇಳಿದರು: ‘ಎರಡನ್ನೂ ನುಡಿಸು. ಒಂದೇ ಪಾಠ, ಒಂದೇ ಜೋರು.’

ಅಬ್ಬಾ ನಮಗೆ ಬೆನ್ನು ಮಾಡಿ ಬಾಗಿಲ ಕಡೆ ತಿರುಗಿ ನಿಂತರು. ಅವರಿಗೆ ಸಂಗೀತ ಗೊತ್ತಿಲ್ಲ. ಆದರೆ ಇಪ್ಪತ್ತೆರಡು ವರ್ಷ ಯಂತ್ರಗಳ ಪಕ್ಕದಲ್ಲಿ ಕಳೆದವರು, ಸದ್ದಿನಲ್ಲೇ ಏರುಪೇರು ಹಿಡಿಯುತ್ತಾರೆ. ನಾನು ಎರಡನ್ನೂ ನುಡಿಸಿದೆ. ‘ಮೊದಲನೆಯದು ಡಬ್ಬದೊಳಗೆ ಮಾತಾಡಿದ ಹಾಗಿದೆ. ಒಂದು ತಂತಿ ಜೋರು, ಒಂದು ತಂತಿ ಸತ್ತಂಗೆ. ಎರಡನೆಯದು ಒಂದೇ ಸಮ’ ಎಂದರು. ತಿರುಗಿ ನೋಡಿದಾಗ ಮೊದಲನೆಯದು ಕಪ್ಪು ಗಿಟಾರ್. ಅವರಿಗೂ ಬೇಜಾರಾಯಿತು, ನನಗೂ ಆಯಿತು.

ಆಮೇಲೆ ಯೋಚಿಸಿದಾಗ ಕಾರಣ ತಿಳಿಯಿತು. ಅಕೌಸ್ಟಿಕ್ ಗಿಟಾರಿನಲ್ಲಿ ಆಂಪ್ಲಿಫೈಯರಿನ ಕೆಲಸ ಮಾಡುವುದು ಮುಂಭಾಗದ ತೆಳು ಹಲಗೆ ಮತ್ತು ಒಳಗಿನ ಗಾಳಿ. ಮೈ ತೆಳ್ಳಗಾದಷ್ಟೂ ಒಳಗಿನ ಗಾಳಿ ಕಡಿಮೆ, ಮಂದ್ರ ಸ್ವರಗಳಿಗೆ ಬಲ ಕಡಿಮೆ. ಅಗ್ಗದ ಗಿಟಾರಿನಲ್ಲಿ ಗುಂಡಿ, ಟ್ಯೂನರ್ ಇದ್ದರೆ ಮರಕ್ಕೆ ಹೋಗಬೇಕಾದ ದುಡ್ಡಿನಲ್ಲಿ ಒಂದು ಪಾಲು ಅವುಗಳಿಗೆ ಹೋಗಿರುತ್ತದೆ. ನಾನು ಹುಡುಕುತ್ತಿದ್ದದ್ದು ಅಕೌಸ್ಟಿಕ್ ಗಿಟಾರ್ ಅಲ್ಲ, ನನ್ನ ಹಳೆಯ ಗಿಟಾರನ್ನೇ. ನನ್ನ ಕೈ ಅಭ್ಯಾಸದ ಹಿತ ಕೇಳುತ್ತಿತ್ತು. ದಾದಿಯ ಕಿವಿಗೆ ಬೇಕಾದದ್ದು ಬೇರೆ.

ಸಾದಾ ಗಿಟಾರನ್ನು ಹಾಗೇ ಎತ್ತಿಕೊಂಡು ಬರಲಿಲ್ಲ. ಅಂಗಡಿಯವರು ಹೇಳಿಕೊಟ್ಟ ಪರೀಕ್ಷೆಗಳನ್ನು, ಮುಂದೆ ಕೊಳ್ಳುವವರಿಗೆ ಬೇಕಾಗಬಹುದೆಂದು, ಇಲ್ಲಿ ಬರೆಯುತ್ತೇನೆ.

ಮೊದಲು ಗಿಟಾರಿನ ಕತ್ತನ್ನು ಬಂದೂಕಿಗೆ ಗುರಿ ಇಟ್ಟ ಹಾಗೆ ಒಂದು ಕಣ್ಣಿನಿಂದ ನೋಡಬೇಕು. ಬಲಕ್ಕೋ ಎಡಕ್ಕೋ ತಿರುಚಿದ್ದರೆ ಬೇಡ. ಸ್ವಲ್ಪ ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಸರಿ ಮಾಡಬಹುದು, ತಿರುಚಿದ್ದನ್ನು ಸರಿ ಮಾಡುವುದು ಕಷ್ಟ. ಆಮೇಲೆ ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ನಾನು ಜಾಮಿಟ್ರಿ ಬಾಕ್ಸಿನ ಸ್ಕೇಲ್ ಒಯ್ದಿದ್ದೆ. ದಪ್ಪ ತಂತಿ ಎರಡೂವರೆ ಮಿಲಿಮೀಟರಿನ ಆಸುಪಾಸು ಇದ್ದರೆ ಹಿತ. ಇದರಲ್ಲಿ ಮೂರು ಇತ್ತು. ತಂತಿಗಳು ಕೂರುವ ಬಿಳಿ ಪಟ್ಟಿಯನ್ನು ತೆಗೆದು ತಳಭಾಗವನ್ನು ಒಂದು ಮಿಲಿಮೀಟರ್ ಉಜ್ಜಿದರೆ ಇಲ್ಲಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಅವರು ಇನ್ನೂರು ರೂಪಾಯಿಗೆ ಅಲ್ಲೇ ಮಾಡಿಕೊಟ್ಟರು. ಮೂರನೆಯದಾಗಿ, ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ನುಡಿಸಿ, ಎಲ್ಲಾದರೂ ಜೊರ್ ಎನ್ನುತ್ತದೆಯೇ ಎಂದು ಕೇಳಬೇಕು. ಬೇಸರದ ಕೆಲಸ, ಆದರೆ ಹತ್ತು ನಿಮಿಷ ಸಾಕು.

ಮುಂಭಾಗದ ಹಲಗೆ ಒಂದೇ ಮರದ್ದೋ ಪ್ಲೈವುಡ್ಡೋ ಎಂದು ತಿಳಿಯಲು ನಡುವಿನ ತೂತಿನ ಅಂಚು ನೋಡಬೇಕು. ಮೇಲಿನ ಗೆರೆಗಳು ಅಂಚಿನಲ್ಲೂ ಮುಂದುವರಿದರೆ ಒಂದೇ ಮರ, ಪದರ ಪದರ ಕಂಡರೆ ಪ್ಲೈವುಡ್. ನನ್ನದು ಪ್ಲೈವುಡ್. ಒಂದೇ ಮರದ್ದಕ್ಕೆ ನಾದ ಹೆಚ್ಚು, ಬೆಲೆಯೂ ಹೆಚ್ಚು. ಅದು ತೇವಕ್ಕೆ ಬೇಗ ಹಿಗ್ಗುತ್ತದೆ, ಒಣಗಿದರೆ ಸೀಳುವ ಭಯ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ನಮ್ಮ ಬ್ಲಫ್‌ಗೆ ಪ್ಲೈವುಡ್ಡೇ ವಾಸಿ ಎಂದು ಸಮಾಧಾನ ಮಾಡಿಕೊಂಡೆ.

ಕೊನೆಗೆ ತಂತಿಯ ವಿಷಯ. ನನ್ನ ಎಲೆಕ್ಟ್ರಿಕ್ ಗಿಟಾರಿನ ತೆಳು ತಂತಿ ಒಂದು ಇಂಚಿನ ಸಾವಿರದಲ್ಲಿ 9 ಭಾಗ ದಪ್ಪ. ಅಕೌಸ್ಟಿಕ್‌ಗೆ ಸಾಮಾನ್ಯವಾಗಿ ಹಾಕುವುದು 12. ಉದ್ದ ಅಷ್ಟೇ, ಸ್ವರ ಅದೇ, ತಂತಿ ಭಾರ. ಹಾಗಾದರೆ ಬಿಗಿತ ಹೆಚ್ಚಬೇಕು ಎಂದು ಪ್ರಥಮ ಪಿಯುಸಿ ಭೌತಶಾಸ್ತ್ರದ ಸೂತ್ರವೇ ಹೇಳುತ್ತದೆ. ಸೂತ್ರ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ, ಬೆರಳಿಗೆ ಅದು ಅರ್ಥವಾದದ್ದು ಈಗ. ಹಳೆಯ ಗಿಟಾರಿನಲ್ಲಿ ಸಲೀಸಾಗಿ ಬಾಗಿಸುತ್ತಿದ್ದ ಮೂರನೇ ತಂತಿ ಇಲ್ಲಿ ಸುರುಳಿ ಸುತ್ತಿದ ದಪ್ಪ ತಂತಿ, ಅಲ್ಲಾಡುವುದೇ ಇಲ್ಲ. 450 ರೂಪಾಯಿ ಕೊಟ್ಟು 11ರ ಒಂದು ಸೆಟ್ ತಂದೆ. ಲೆಕ್ಕ 6,450ಕ್ಕೆ ನಿಂತಿತು. ಉಳಿದ ಐವತ್ತಕ್ಕೆ ಅಬ್ಬಾನಿಗೆ ಟೀ ಕುಡಿಸಿದೆ.

ಮನೆಗೆ ಬಂದ ಮೂರನೇ ದಿನ ಸಂಜೆ ಜೋರು ಮಳೆ. ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಕರೆಂಟ್ ಹುಟ್ಟುವ ಊರಿನಲ್ಲೂ ಕರೆಂಟ್ ಹೋಗುತ್ತದೆ! ಹಿಂದೆಲ್ಲ ಆಗ ಗಿಟಾರ್ ಗೋಡೆಗೆ ಒರಗುತ್ತಿತ್ತು. ಅವತ್ತು ಮಗ್ರಿಬ್ ನಮಾಜ್ ಮುಗಿಸಿ ನಡುಮನೆಯಲ್ಲಿ ದಾದಿಯ ಎಡಗಡೆ ಕೂತು ನುಡಿಸಿದೆ. ಮೂರು ವರ್ಷದಲ್ಲಿ ಚೆನ್ನಾಗಿ ಕಲಿತೆ ಎಂದುಕೊಂಡಿದ್ದ ಒಂದು ರಾಗವನ್ನೇ ಹಿಡಿದೆ. ಎರಡು ಕಡೆ ಬೆರಳು ಜಾರಿತು. ಮತ್ತೊಂದು ಕಡೆ ತಂತಿ ಪೂರ್ತಿ ಒತ್ತದೆ ಕರಕರ ಎಂದಿತು. ಈ ತಪ್ಪುಗಳು ಹೊಸವಲ್ಲ. ಪೆಡಲಿನ ಗುಂಯ್ ಎನ್ನುವ ಸದ್ದು ಇಷ್ಟು ದಿನ ಅವನ್ನು ಮುಚ್ಚಿತ್ತು. ಕ್ಲಾಸಿನವರು ಅಂದದ್ದು ನಿಜ, ನಾನು ಬ್ಲಫ್ ಮಾಡುತ್ತಿದ್ದೆ, ಅದೂ ನನಗೇ.

ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಅದೇ ಜಾಗಕ್ಕೆ ಬಂದಾಗ ಕತ್ತಲಿನಲ್ಲಿ ದಾದಿ ಹೇಳಿದರು: ‘ಅಲ್ಲೇ ನೋಡು ಬೇಟಾ, ಮತ್ತೆ ಎಡವಿದೆ.’ ಇಷ್ಟು ವರ್ಷದಲ್ಲಿ ನನ್ನ ನುಡಿಸಾಣಿಕೆಯ ಬಗ್ಗೆ ಮನೆಯಲ್ಲಿ ಸಿಕ್ಕ ಮೊದಲ ಅಭಿಪ್ರಾಯ ಅದು. ನನಗೆ ಆದ ಸಂತೋಷ ಬರೆಯಲು ಬರುವುದಿಲ್ಲ.

ಗಿಟಾರನ್ನು ಒಂದು ದಿನ ಕಾಲೇಜಿಗೂ ತಂದಿದ್ದೆ. ಸ್ಟಾಫ್ ರೂಮಿನಲ್ಲಿ ಉರ್ದು ಸರ್ ಅದರ ಮೈ ತಟ್ಟಿ ನೋಡಿ, ಅರಬರ ‘ಊದ್’ ವಾದ್ಯ ಸ್ಪೇನಿನ ಮೂಲಕ ಯುರೋಪಿಗೆ ಹೋಗಿ ಲ್ಯೂಟ್ ಆದ ಕತೆ ಹೇಳಿದರು. ಗಿಟಾರ್ ಬೆಳೆದದ್ದೂ ಅದೇ ಸ್ಪೇನಿನಲ್ಲಿ. ಊದ್ ಎಂದರೆ ಅರಬ್ಬಿಯಲ್ಲಿ ಮರ. ನಾವು ಊದಿನಕಡ್ಡಿ ಎನ್ನುವಾಗಿನ ‘ಊದು’ ಕೂಡ ಅದೇ ಪದವಂತೆ. ಮನೆಗೆ ಹೋಗಿ ಹೇಳಿದೆ. ಪ್ರತಿ ಗುರುವಾರ ಸಂಜೆ ಊದಿನಕಡ್ಡಿ ಹಚ್ಚುವ ದಾದಿಗೆ ಆಶ್ಚರ್ಯವೇ ಆಗಲಿಲ್ಲ. ‘ಮರ ಚೆನ್ನಾಗಿದ್ದರೆ ಎಲ್ಲ ಚೆನ್ನಾಗಿರುತ್ತೆ’ ಎಂದರು.

ಎಲೆಕ್ಟ್ರಿಕ್ ಗಿಟಾರ್ ಮಂಚದ ಕೆಳಗೆ ಜೋಪಾನವಾಗಿದೆ. ಭಾಯಿ ಬಂದಾಗ ಹಿಂದಿರುಗಿಸಬೇಕು. ನನ್ನ ಎಡಗೈ ಬೆರಳ ತುದಿಗಳು ಈಗ ದಪ್ಪ ಕಟ್ಟಿವೆ, ಅರ್ಧವಾರ್ಷಿಕ ಪರೀಕ್ಷೆಯ ಮಾರ್ಕ್ಸ್ ಇಳಿದಿಲ್ಲ. ಗಿಟಾರ್ ಕೊಳ್ಳುವ ಆಸೆ ಇರುವವರು ಯಾರಾದರೂ ಇದ್ದರೆ, ದುಡ್ಡು ಹಾಕುವ ಮೊದಲು ನನ್ನದನ್ನು ಒಂದು ವಾರ ಒಯ್ದು ನುಡಿಸಿ ನೋಡಿ. ಅಂಗಡಿಗೆ ಹೋಗುವಾಗ ಜಾಮಿಟ್ರಿ ಬಾಕ್ಸಿನ ಸ್ಕೇಲ್ ಮರೆಯಬೇಡಿ. ಸಾಧ್ಯವಾದರೆ ಗಿಟಾರ್ ಗೊತ್ತಿಲ್ಲದ, ಆದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಾಗಿಲ ಕಡೆ ತಿರುಗಿಸಿ ನಿಲ್ಲಿಸಿ.