ಹೊತ್ತಿನ ಲೆಕ್ಕ

ಬಿನ್ನಿಪೇಟೆಯವರಿಗೆ ದುಡಿಮೆಯ ಹೊತ್ತನ್ನು ತಿಳಿಯಲು ಒಂದು ಕಾಲದಲ್ಲಿ ಗಡಿಯಾರವು ಬೇಕಿರಲಿಲ್ಲ. 1884ರಲ್ಲಿ ಸ್ಥಾಪಿತವಾದ ಬಟ್ಟೆಯ ಗಿರಣಿಯ ಕೂಗೇ ಸಾಕಾಗಿತ್ತು. ಪಾಳಿಗೆ ಕರೆಯುತ್ತಿದ್ದ ಕೂಗೇ ಪಾಳಿಯು ಮುಗಿಯಿತೆಂದೂ ಸಾರುತ್ತಿತ್ತು. ಮನೆಯ ಹೆಂಗಸರು ಅದನ್ನು ಕೇಳಿ ಎಸರಿಡುತ್ತಿದ್ದರು. ಗಿರಣಿಯು ಮುಚ್ಚಿತು, ಆ ನೆಲದಲ್ಲಿ ಈಗ ಬಹುಮಹಡಿಯ ಮನೆಗಳೆದ್ದಿವೆ. ಅದೇ ಪೇಟೆಯ ನಮ್ಮ ಮನೆಗೆ ಈಗ ಹೊಸದೊಂದು ದುಡಿಮೆಯು ಬಂದಿದೆ; ಇದಕ್ಕೆ ಕೂಗೆಂಬುದೇ ಇಲ್ಲ.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಹುಡುಗಿಯು ಸಹಪಾಠಿಗಳೊಡನೆ ಸ್ಪರ್ಧೆಗಾಗಿ ರೋಬಾಟೊಂದನ್ನು ಕಟ್ಟುತ್ತಿದ್ದಾಳೆ. ಯಂತ್ರಮಾನವನೆಂದು ಹೆಸರಾದರೂ ಅದಕ್ಕೆ ತಲೆಯಿಲ್ಲ, ಮುಖವಿಲ್ಲ. ನಾಲ್ಕು ಚಕ್ರಗಳ ಮೇಲೊಂದು ತೋಳು, ಅಷ್ಟೆ. ರಾತ್ರಿ ಹನ್ನೊಂದಾದರೂ ಅವಳ ತಟ್ಟೆಯು ಮುಚ್ಚಿಟ್ಟಂತೆಯೇ ಇರುವುದನ್ನು ಕಂಡು, "ಆಟದ ಸಾಮಾನಿಗೆ ಇಷ್ಟು ಹೊತ್ತೇನೇ, ಮಗು?" ಎಂದು ಅವಳ ಅಜ್ಜಿಯು ಕೇಳುವುದು ಸಹಜವೇ.

ಹೊತ್ತು ಎಲ್ಲಿ ಹೋಗುವುದೆಂದು ನಾವು ವಿಚಾರಿಸಿದೆವು. ಏಷ್ಯಾ-ಪೆಸಿಫಿಕ್ ದೇಶಗಳ ವಿದ್ಯಾರ್ಥಿಗಳಿಗಾಗಿ 2002ರಲ್ಲಿ ಟೋಕಿಯೋದಲ್ಲಿ ಆರಂಭವಾದ ರೋಬೋಕಾನ್ ಮೊದಲಾದ ಸ್ಪರ್ಧೆಗಳಲ್ಲಿ ವರ್ಷ ವರ್ಷವೂ ಆಟವೇ ಬೇರೆ; ಕಳೆದ ಸಾಲಿನ ಯಂತ್ರವು ಈ ಸಾಲಿಗೆ ಹಾಗೆಯೇ ಒದಗದು. ನಿಯಮಗಳನ್ನೋದಿ ನಕ್ಷೆ ಬರೆಯಬೇಕು, ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಟಾರು, ಬ್ಯಾಟರಿ, ತಂತಿಗಳನ್ನು ಹುಡುಕಬೇಕು. ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಬೇಕು. ಯಂತ್ರವು ಸಿದ್ಧವಾದ ಮೇಲಲ್ಲವೆ ಪ್ರೋಗ್ರಾಮನ್ನು ಓಡಿಸಿ ನೋಡುವವರ ಸರದಿ? ಚಕ್ರದವರು ಎರಡು ದಿನ ತಡಮಾಡಿದರೆ ಪ್ರೋಗ್ರಾಮಿನವರಿಗೆ ಎರಡು ರಾತ್ರಿಯ ನಿದ್ರೆಯು ನಷ್ಟ. ನಮ್ಮ ಹುಡುಗಿಯದು ಈ ಕಡೆಯ ಸರದಿ.

ಅಮೆರಿಕದಲ್ಲಿ 1992ರಿಂದ ನಡೆಯುತ್ತಿರುವ 'ಫಸ್ಟ್' ಎಂಬ ಸ್ಪರ್ಧೆಯಲ್ಲಿ ಬಹುಕಾಲ ಸುಮಾರು ಆರು ವಾರಗಳ ಕಟ್ಟಳೆಯಿತ್ತು. ಅವಧಿಯು ತೀರಿದ ಬಳಿಕ ಯಂತ್ರವನ್ನು ಕಟ್ಟಿಡಬೇಕು. ಆದರೇನು? ಅನುಕೂಲವುಳ್ಳ ತಂಡಗಳು ಅಂಥದೇ ಇನ್ನೊಂದು ಯಂತ್ರವನ್ನು ಕಟ್ಟಿಕೊಂಡು ಕೆಲಸವನ್ನು ಮುಂದುವರಿಸುತ್ತಿದ್ದವು. 2020ರ ಸಾಲಿನಿಂದ ಆ ಕಟ್ಟಳೆಯನ್ನೇ ತೆಗೆದುಹಾಕಿದರು. ಹೊರಗಿನವರು ಹಾಕಿದ ಗೆರೆಯು ನಿಲ್ಲದು. ದುಡಿಯುವವರೇ ಹಾಕಿಕೊಂಡದ್ದು ನಿಂತೀತು.

ಈ ಕೆಲಸವನ್ನು ಬಿಟ್ಟುಬಿಡಲಿ ಎಂದವರೂ ನಮ್ಮ ಮನೆಯಲ್ಲಿ ಉಂಟು. ನಮಗದು ಸರಿದೋರಲಿಲ್ಲ. ಮಗನು ತಡವಾಗಿ ಬಂದರೆ ಸಾಧನೆಯೆಂದೂ ಮಗಳು ತಡವಾಗಿ ಬಂದರೆ ಹಟವೆಂದೂ ತೂಗುವ ತಕ್ಕಡಿಯು ನ್ಯಾಯದ್ದಲ್ಲ. ಹಾಗೆಂದು ನಿದ್ರೆಯನ್ನೂ ಪರೀಕ್ಷೆಯನ್ನೂ ತೆತ್ತು ದುಡಿಯುವುದೂ ವಿವೇಕವಲ್ಲ. ಅವಳನ್ನು ಕೂರಿಸಿಕೊಂಡು ಮಾತನಾಡಿದ ಮೇಲೆ ಹೀಗೆ ನಿಶ್ಚಯವಾಯಿತು: ಚಕ್ರ, ತೋಳುಗಳ ಕೆಲಸವು ಸ್ಪರ್ಧೆಗೆ ಮೂರು ವಾರ ಮುಂಚೆಯೇ ಮುಗಿಯಬೇಕೆಂದು ಅವಳು ತಂಡದವರನ್ನು ಕೇಳುವುದು, ಅದುವರೆಗೆ ರಾತ್ರಿ ಎಂಟಕ್ಕೆ ಮನೆ ಸೇರುವುದು, ಕಡೆಯ ದಿನಗಳಲ್ಲಿ ತಡವಾದರೆ ನಮ್ಮಲ್ಲೊಬ್ಬರು ಹೋಗಿ ಕರೆತರುವುದು.

ತಂಡದವರು ಮೂರು ವಾರಕ್ಕೆ ಒಪ್ಪದೆ ಎರಡಕ್ಕೆ ಒಪ್ಪಿದರು. ಅಷ್ಟಾದರೂ ಆಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿದವರು ಬೇರೆ ಯಾರೂ ಅಲ್ಲ, ಅವಳ ಅಜ್ಜಿಯೇ.